ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ಕೂಲಿ!

ಕ್ಯಾಂಪಸ್ ಪ್ಲೇಸ್‌ಮೆಂಟ್ ಶುರುವಾದ ಮೇಲೆ ನಮ್ಮ ಕ್ಲಾಸಿನಲ್ಲಿ ಎರಡು ಗುಂಪುಗಳಾಗಿವೆ. ಆಫರ್ ಬಂದವರು, ಬಾರದವರು. ನಾನಿನ್ನೂ ಎರಡನೇ ಗುಂಪಿನಲ್ಲಿದ್ದೇನೆ. ಭಾನುವಾರ ಚರ್ಚ್‌ಗೆ ಹೋಗುವ ನನ್ನಂಥವರಿಗೆ ಇಂಥ ಹೊತ್ತಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಯೇಸು ಹೇಳಿದ ಮಾತಿಗೂ ಆಪ್ಟಿಟ್ಯೂಡ್ ಟೆಸ್ಟ್, ಎಚ್‌ಆರ್ ರೌಂಡ್‌ಗಳ ಈ ಬದುಕಿಗೂ ಏನು ಸಂಬಂಧ? ನನಗೆ ಉತ್ತರ ಸಿಕ್ಕಿದ್ದು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ. ಅಲ್ಲಿರುವುದು ಕೆಲಸಕ್ಕಾಗಿ ಕಾಯುವವರದೇ ಕಥೆ.

ಒಬ್ಬ ದ್ರಾಕ್ಷಿ ತೋಟದ ಯಜಮಾನ ಬೆಳ್ಳಂಬೆಳಿಗ್ಗೆ ಪೇಟೆಗೆ ಹೋಗಿ ಕೂಲಿಯಾಳುಗಳನ್ನು ಕರೆತರುತ್ತಾನೆ. ದಿನಕ್ಕೆ ಒಂದು ಬೆಳ್ಳಿ ನಾಣ್ಯ ಎಂದು ಮಾತಾಗುತ್ತದೆ. ಅದು ಆಗಿನ ಒಂದು ದಿನದ ಕೂಲಿ. ಒಂಬತ್ತು ಗಂಟೆಗೆ, ಮಧ್ಯಾಹ್ನ, ಮೂರಕ್ಕೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಸಂಜೆ ಐದರ ಹೊತ್ತಿಗೂ ಕೆಲವರು ನಿಂತೇ ಇರುತ್ತಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಎಂದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ತೋಟಕ್ಕೆ ಕಳಿಸುತ್ತಾನೆ. ಕೂಲಿ ಕೊಡುವಾಗ ಕೊನೆಗೆ ಬಂದವರಿಂದ ಶುರು. ಅವರಿಗೂ ಒಂದು ನಾಣ್ಯ, ಬೆಳಿಗ್ಗೆ ಬಂದವರಿಗೂ ಒಂದೇ ನಾಣ್ಯ!

ಬೆಳಿಗ್ಗೆಯವರು ಗೊಣಗುತ್ತಾರೆ. ಅವರ ದೂರನ್ನು ಗಮನಿಸಿ. ನಮಗೆ ಕಡಿಮೆ ಕೊಟ್ಟೆ ಎಂದು ಅವರು ಹೇಳುವಂತಿಲ್ಲ. ಒಪ್ಪಿದ ಹಣ ಕೈಗೆ ಬಂದಿದೆ. ಅವರ ಸಂಕಟವೆಂದರೆ, ಇವರನ್ನು ನಮಗೆ ಸಮ ಮಾಡಿಬಿಟ್ಟೆಯಲ್ಲ ಎಂಬುದು.

ಇದು ನಮ್ಮ ಕ್ಲಾಸಿನಲ್ಲೂ ಕೇಳಿದ ದೂರು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿದ ಗೆಳೆಯನಿಗೆ ಮೊದಲ ಆಫರ್ ಬಂತು. ‘ಫಸ್ಟ್ ಇಯರ್‌ನಿಂದ ಒದ್ದಾಡಿದವರು ನಾವು, ಮಧ್ಯದಲ್ಲಿ ಬಂದವನಿಗೆ ಕೆಲಸ’ ಎಂದರು ಕೆಲವರು. ಅದಕ್ಕೂ ಮುಂಚೆ ಅವನು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ದುಡಿದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಪೇಟೆಯಲ್ಲಿ ಐದರವರೆಗೆ ನಿಂತವರು. ಬೆಳಿಗ್ಗೆ ಬಂದವರು ಬಿಸಿಲಲ್ಲಿ ದುಡಿದರು, ನಿಜ. ಆದರೆ ಸಂಜೆ ಕೂಲಿ ಸಿಗುತ್ತದೆಂಬ ಧೈರ್ಯ ಇಡೀ ದಿನ ಅವರ ಜೊತೆಗಿತ್ತು. ಉಳಿದವರು ಅದೇ ಬಿಸಿಲಿನಲ್ಲಿ, ಇಂದು ಮನೆಯಲ್ಲಿ ಒಲೆ ಹೊತ್ತೀತೋ ಇಲ್ಲವೋ ಎಂದು ತಿಳಿಯದೆ ನಿಂತಿದ್ದರು. ಕಾಯುವುದೂ ಒಂದು ದುಡಿಮೆಯೇ. ಒಂದು ಗಂಟೆಯ ಕೂಲಿ ಕೊಟ್ಟರೆ ಆ ಮನೆಯ ಹೊಟ್ಟೆ ತುಂಬುವುದಿಲ್ಲ ಎಂಬುದು ಯಜಮಾನನಿಗೆ ಗೊತ್ತಿತ್ತು.

ಹಾಗಾದರೆ ಕಷ್ಟಪಟ್ಟು ಓದುವುದೇಕೆ, ಕೊನೆಗೆ ಎಲ್ಲರಿಗೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಯೇಸು ಹೇಳಿದ್ದು ಪರಲೋಕ ರಾಜ್ಯದ ಬಗ್ಗೆ. ದೇವರ ಕೃಪೆಯನ್ನು ಗಂಟೆ ಲೆಕ್ಕದಲ್ಲಿ ಅಳೆಯಲಾಗದು ಎಂಬುದು ಮೊದಲ ಅರ್ಥ. ವಿಟಿಯು ಮೌಲ್ಯಮಾಪಕರ ಮುಂದೆ ಈ ಕಥೆ ನಡೆಯುವುದಿಲ್ಲ ಬಿಡಿ! ಆದರೆ ಇನ್ನೊಂದು ಮಾತೂ ಇದೆ. ಯಜಮಾನ ಮೊದಲಿನವರ ಕೂಲಿಯಲ್ಲಿ ಬಿಡಿಗಾಸೂ ಕಡಿಮೆ ಮಾಡಲಿಲ್ಲ. ಔದಾರ್ಯ ತೋರಿದ್ದು ತನ್ನ ಜೇಬಿನಿಂದ. ಮೊದಲು ನ್ಯಾಯ, ಆಮೇಲೆ ಕರುಣೆ.

ಈ ಕಥೆ ಚರ್ಚ್‌ನ ಗೋಡೆಯೊಳಗೇ ಉಳಿಯಲಿಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ ತಮ್ಮ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕದ ಹೆಸರನ್ನು ಇದರಿಂದಲೇ ತೆಗೆದುಕೊಂಡರು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಅದನ್ನು ಓದಿದರು. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಒಂದೇ ಬೆಲೆ ಎಂಬುದು ಅವರು ಅದರಿಂದ ಕಲಿತ ಪಾಠಗಳಲ್ಲೊಂದು. ಅದೇ ವರ್ಷ ಫೀನಿಕ್ಸ್ ಆಶ್ರಮ ಶುರುವಾಯಿತು. 1908ರಲ್ಲಿ ಅವರು ಆ ಪುಸ್ತಕದ ಸಾರವನ್ನು ಗುಜರಾತಿಯಲ್ಲಿ ಬರೆದು ಇಟ್ಟ ಹೆಸರು ‘ಸರ್ವೋದಯ’. ನಾವು ಶಾಲೆಯಲ್ಲಿ ಕೇಳಿದ ಆ ಪದದ ಬೇರು ಒಂದು ದ್ರಾಕ್ಷಿ ತೋಟದಲ್ಲಿದೆ.

ನಮಗೆ ಆಶ್ರಮ ಕಟ್ಟಲಾಗದು. ಆದರೆ ಸಣ್ಣ ಕೆಲಸಗಳಿವೆ. ಪೂಜೆ ಮುಗಿದು ಚರ್ಚ್ ಅಂಗಳಕ್ಕೆ ಬಂದರೆ ‘ಇನ್ನೂ ಕೆಲಸ ಆಗಿಲ್ವಾ?’ ಎನ್ನುವವರು ಬಹಳ. ಯಜಮಾನನೂ ಅದನ್ನೇ ಕೇಳಿದ, ಆದರೆ ಬೆನ್ನಿಗೇ ಕೆಲಸ ಕೊಟ್ಟ. ಕೆಲಸ ಕೊಡಲಾಗದಿದ್ದರೆ ಒಂದು ನೋಟಿಫಿಕೇಶನ್, ಒಂದು ರೆಫರಲ್ ಆದರೂ ಪ್ರಶ್ನೆಯ ಜೊತೆಗಿರಲಿ. ಆಫರ್ ಬಂದವರು ಪ್ಲೇಸ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪ್‌ನಿಂದ ತಕ್ಷಣ ಹೊರಹೋಗದೆ, ಸಂದರ್ಶನದಲ್ಲಿ ಕೇಳಿದ ಪ್ರಶ್ನೆಗಳನ್ನು ಉಳಿದವರಿಗೆ ಹೇಳಲಿ. ಆ ಲ್ಯಾಟರಲ್ ಎಂಟ್ರಿ ಗೆಳೆಯ ಈಗ ಪ್ರತಿ ಶನಿವಾರ ನಮ್ಮಲ್ಲಿ ಐದಾರು ಜನರಿಗೆ ಮಾಕ್ ಇಂಟರ್‌ವ್ಯೂ ಮಾಡುತ್ತಾನೆ. ಅವನು ಕ್ರೈಸ್ತನಲ್ಲ, ಈ ಕಥೆಯನ್ನು ಓದಿದವನೂ ಅಲ್ಲ.

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಅನ್ನ ಕೇಳುವುದು ‘ನಮಗೆ’, ‘ನನಗೆ’ ಅಲ್ಲ. ನನಗೆ ಆಫರ್ ಬರುವ ದಿನವೂ ಪೇಟೆಯಲ್ಲಿ ಯಾರೋ ನಿಂತಿರುತ್ತಾರೆ. ಅವರ ಬಳಿಗೆ ಇನ್ನೊಮ್ಮೆ ಹೋಗಿಬರುವುದೇ ನನಗೆ ತಿಳಿದ ಕ್ರೈಸ್ತ ಬದುಕು.