ಕಾಲಡಿಯ ಕಲ್ಲಿದ್ದಲು ಬಿಟ್ಟು ಕಡಲಾಚೆಗೆ ಕೈಚಾಚಿದ ಬ್ರಿಟನ್

2015ರ ಡಿಸೆಂಬರ್ 18ರಂದು ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನ ಕೆಲ್ಲಿಂಗ್ಲಿ ಗಣಿಯಲ್ಲಿ ಕೊನೆಯ ಪಾಳಿ ಮುಗಿಯಿತು. ಸುಮಾರು 450 ಮಂದಿಯ ಕೆಲಸದ ಜೊತೆಗೆ ಬ್ರಿಟನ್ನಿನ ಆಳದ ಗಣಿಗಳ ಯುಗವೂ ಕೊನೆಗೊಂಡಿತು. ಆದರೆ ಕಲ್ಲಿದ್ದಲು ಉರಿಸುವುದು ನಿಂತಿರಲಿಲ್ಲ. ಆ ವರ್ಷವೂ ದೇಶದ ವಿದ್ಯುತ್ತಿನ ಐದನೇ ಒಂದು ಪಾಲು ಅದರಿಂದಲೇ ಬಂತು. ಸ್ವಂತ ಉತ್ಪಾದನೆಯ ಎರಡು ಪಟ್ಟಿಗೂ ಹೆಚ್ಚು ಕಲ್ಲಿದ್ದಲು ರಷ್ಯಾ, ಕೊಲಂಬಿಯಾ, ಅಮೆರಿಕದಂಥ ದೇಶಗಳಿಂದ ಹಡಗೇರಿ ಬರುತ್ತಿತ್ತು.

1913ರಲ್ಲಿ 28.7 ಕೋಟಿ ಟನ್ ತೆಗೆದು ಜಗತ್ತಿಗೇ ಮಾರುತ್ತಿದ್ದ ನಾಡಿಗೆ ಈ ಗತಿ ಬಂದದ್ದು ನೆಲದಡಿಯ ನಿಕ್ಷೇಪ ಬರಿದಾಗಿ ಅಲ್ಲ. 1974ರಲ್ಲಿ ಗಣಿ ಕಾರ್ಮಿಕರ ಹೋರಾಟದಿಂದ ಕಲ್ಲಿದ್ದಲಿಗೆ ಕೊರತೆಯಾಗಿ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ವಿದ್ಯುತ್ ಸಿಕ್ಕಿತು. ದೇಶ ಆಳುವವರು ಯಾರು ಎಂದು ಕೇಳುತ್ತ ಚುನಾವಣೆಗೆ ಹೋದ ಪ್ರಧಾನಿ ಎಡ್ವರ್ಡ್ ಹೀತ್ ಅಧಿಕಾರ ಕಳೆದುಕೊಂಡರು.

ಆ ಸೋಲನ್ನು ಕನ್ಸರ್ವೇಟಿವ್ ಪಕ್ಷ ಮರೆಯಲಿಲ್ಲ. ನಿಕೊಲಸ್ ರಿಡ್ಲಿ 1977ರಲ್ಲಿ ಪಕ್ಷಕ್ಕಾಗಿ ಸಿದ್ಧಪಡಿಸಿದ ವರದಿ ಮುಂದಿನ ಮುಷ್ಕರಕ್ಕೆ ತಯಾರಿ ಹೇಳಿಕೊಟ್ಟಿತು: ವಿದ್ಯುತ್ ಸ್ಥಾವರಗಳಲ್ಲಿ ಕಲ್ಲಿದ್ದಲು ದಾಸ್ತಾನು ಮಾಡಿ, ಆಮದಿಗೆ ವ್ಯವಸ್ಥೆ ಮಾಡಿಕೊಳ್ಳಿ, ತೈಲದಿಂದಲೂ ಸ್ಥಾವರ ನಡೆಯುವಂತೆ ನೋಡಿಕೊಳ್ಳಿ. ಹೀಗೆ ಆಮದು ಕಾರ್ಮಿಕ ಸಂಘವನ್ನು ಮಣಿಸುವ ಅಸ್ತ್ರವೂ ಆಯಿತು.

1984ರ ಮಾರ್ಚ್‌ನಲ್ಲಿ 20 ಗಣಿ ಮುಚ್ಚುವ, 20,000 ಉದ್ಯೋಗ ಕಡಿತಗೊಳಿಸುವ ಯೋಜನೆ ಹೊರಬಿತ್ತು. ಆರ್ಥರ್ ಸ್ಕಾರ್ಗಿಲ್ ನೇತೃತ್ವದ ಸಂಘ ಮುಷ್ಕರ ಹೂಡಿತು. ಮಾರ್ಗರೆಟ್ ಥ್ಯಾಚರ್ ಸರ್ಕಾರದ ಬಳಿ ಸಾಕಷ್ಟು ದಾಸ್ತಾನಿತ್ತು. ಪೋಲೆಂಡಿನಿಂದಲೂ ಕಲ್ಲಿದ್ದಲು ಬಂತು. ಒಂದು ವರ್ಷ ಅರೆಹೊಟ್ಟೆಯಲ್ಲಿ ಹೋರಾಡಿದ ಕಾರ್ಮಿಕರು ಬರಿಗೈಯಲ್ಲಿ ಕೆಲಸಕ್ಕೆ ಮರಳಿದರು. ಅನೇಕ ಗಣಿಗಳು ನಷ್ಟದಲ್ಲಿದ್ದದ್ದು ನಿಜ. ಆದರೆ ಗಣಿಯೊಂದನ್ನೇ ನೆಚ್ಚಿದ್ದ ಊರುಗಳ ಮುಂದಿನ ಬದುಕಿನ ಲೆಕ್ಕ ಯಾರೂ ಹಾಕಲಿಲ್ಲ.

ಖಾಸಗೀಕರಣಗೊಂಡ ವಿದ್ಯುತ್ ಕಂಪನಿಗಳು 1990ರ ದಶಕದಲ್ಲಿ ಉತ್ತರ ಸಮುದ್ರದ ಅನಿಲಕ್ಕೆ ಮುಗಿಬಿದ್ದವು. 1992ರಲ್ಲಿ ಸಚಿವ ಮೈಕೆಲ್ ಹೆಸೆಲ್ಟೈನ್ ಉಳಿದ 50 ಗಣಿಗಳಲ್ಲಿ 31ನ್ನು ಮುಚ್ಚುವುದಾಗಿ ಘೋಷಿಸಿದರು. ಆ ಅನಿಲವೂ ಕುಗ್ಗಿ, 2004ರ ಹೊತ್ತಿಗೆ ಬ್ರಿಟನ್ ಅನಿಲವನ್ನೂ ಕೊಳ್ಳುವ ದೇಶವಾಯಿತು. 2022ರಲ್ಲಿ ಉಕ್ರೇನ್ ಯುದ್ಧದಿಂದ ದರ ಗಗನಕ್ಕೇರಿದಾಗ ಜನರ ಬಿಲ್ಲಿಗೆ ಸರ್ಕಾರವೇ ಹಣ ತುಂಬಬೇಕಾಯಿತು.

ಕೆಲ್ಲಿಂಗ್ಲಿಗೆ ಹತ್ತಿರವಿರುವ ಡ್ರಾಕ್ಸ್ ಸ್ಥಾವರವನ್ನು ಕಟ್ಟಿದ್ದು ಪಕ್ಕದ ಸೆಲ್ಬಿ ಗಣಿಗಳ ಕಲ್ಲಿದ್ದಲನ್ನು ನಂಬಿ. ಇಂದು ಅಲ್ಲಿ ಉರಿಯುವ ಮರದ ಉಂಡೆಗಳು ಬಹುಪಾಲು ಅಮೆರಿಕದಿಂದ ಹಡಗಿನಲ್ಲಿ ಬಂದು, ಬಂದರಿನಿಂದ ಗೂಡ್ಸ್ ರೈಲು ಹತ್ತಿ ಸ್ಥಾವರ ಸೇರುತ್ತವೆ.

2024ರ ಸೆಪ್ಟೆಂಬರ್ 30ರಂದು ದೇಶದ ಕೊನೆಯ ಕಲ್ಲಿದ್ದಲು ಸ್ಥಾವರ ರಾಟ್‌ಕ್ಲಿಫ್ ಸ್ಥಗಿತಗೊಂಡಿತು. ಭೂಮಿಯ ತಾಪ ತಗ್ಗಲು ಅದು ಬೇಕಾಗಿದ್ದ ಹೆಜ್ಜೆಯೇ. ಆದರೆ ಗಣಿಗಳನ್ನು ಮೊದಲು ಮುಚ್ಚಿ, ಪರ್ಯಾಯವನ್ನು ಆಮೇಲೆ ಹುಡುಕಿದ್ದರ ಬೆಲೆ ತೆತ್ತವರು ಗಣಿ ಊರಿನವರು. ಭಾರತದಲ್ಲೂ ಗಣಿಗಳು ಮುಚ್ಚುವ ಕಾಲ ಬಂದೇ ಬರುತ್ತದೆ. ಅಂದು ಬದಲಿ ವಿದ್ಯುತ್ತೂ ಬದಲಿ ಉದ್ಯೋಗವೂ ಮೊದಲೇ ಸಿದ್ಧವಿರಬೇಕು. ಗಣಿಗೆ ಬೀಗ ಬೀಳುವುದು ಅದಾದ ಮೇಲಿನ ಕೆಲಸ.