ಮನೆಯ ಗೋಡೆ ಮತ್ತು ಚಿತ್ರಪಟ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮನೆಗಳ ಪಡಸಾಲೆಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದು ತೊಲೆಯ ಕೆಳಗೆ ಸಾಲಾಗಿ ತೂಗುಹಾಕಿದ ಪಟಗಳು. ಲಕ್ಷ್ಮಿ, ಸರಸ್ವತಿ, ಶ್ರೀರಾಮ ಪಟ್ಟಾಭಿಷೇಕ, ಬಸವಣ್ಣ, ಕಿತ್ತೂರ ಚೆನ್ನಮ್ಮ. ಅವುಗಳ ನಡುವೆ ಮನೆಯ ಹಿರಿಯರ ಭಾವಚಿತ್ರ. ಇವು ಗೋಡೆಗೆ ಒರಗಿ ನಿಲ್ಲದೆ, ಮೇಲ್ಭಾಗ ಮುಂದಕ್ಕೆ ಬಾಗಿ, ಕುಳಿತವರನ್ನು ಮಾತನಾಡಿಸಲು ತಾವೇ ಬಗ್ಗಿದಂತೆ ತೋರುತ್ತವೆ. ಇದು ಮೊಳೆ ಹೊಡೆದವರ ಅಜಾಗರೂಕತೆಯಲ್ಲ. ಆ ಮನೆಗಳ ಮಾಳಿಗೆ ಎತ್ತರ. ಜನರು ಕುಳಿತುಕೊಳ್ಳುತ್ತಿದ್ದುದು ನೆಲದ ಮೇಲೆ, ಜಮಖಾನೆ ಹಾಸಿ. ಕೆಳಗೆ ಕುಳಿತವರ ಕಣ್ಣಿಗೆ ಮೇಲಿನ ಪಟ ನೇರವಾಗಿ ಕಾಣಬೇಕಾದರೆ ಅದು ಬಾಗಲೇಬೇಕು. ಬಾಗಿದಾಗ ಬೆಳಕಿಂಡಿಯ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುವುದೂ ತಪ್ಪುತ್ತದೆ. ಚಿತ್ರವಿರುವುದು ನೋಡುವುದಕ್ಕೆ ಎಂಬ ಸರಳ ಸಂಗತಿಯನ್ನು ಆ ಹಿರಿಯರು ಮರೆತಿರಲಿಲ್ಲ.

ವರ್ಣಚಿತ್ರವು ಸಾಮಾನ್ಯರ ಮನೆಗೆ ಬಂದುದು ಬಹಳ ಪುರಾತನ ಕಾಲದ ಮಾತೇನಲ್ಲ. ಮೊದಲು ಅದು ಅರಮನೆ, ದೇವಾಲಯ ಹಾಗೂ ಸಿರಿವಂತರ ವಾಡೆಗಳ ಸೊತ್ತಾಗಿತ್ತು; ಬಡವರ ಗೋಡೆಗೆ ಸುಣ್ಣ ಮತ್ತು ಕೆಮ್ಮಣ್ಣಿನ ಕಾರಣೆಯೇ ಅಲಂಕಾರ. ರಾಜಾ ರವಿವರ್ಮ (1848–1906) 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು ತನ್ನ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸತೊಡಗಿದನು. ಬೇರೆ ಬೇರೆ ಬಣ್ಣಕ್ಕೆ ಬೇರೆ ಬೇರೆ ಕಲ್ಲನ್ನು ಸಿದ್ಧಪಡಿಸಿ, ಒಂದೇ ಹಾಳೆಯ ಮೇಲೆ ಒಂದಾದ ಮೇಲೊಂದನ್ನು ಒತ್ತಿ ಪೂರ್ಣಚಿತ್ರವನ್ನು ಪಡೆಯುವ ಶ್ರಮದ ಕೆಲಸವದು. ಹೀಗೆ ಅಚ್ಚಾದ ಪಟಗಳು ಊರೂರಿಗೆ ಹಬ್ಬಿದುವು. ಅನಂತರ ಬಂದುದು ಕ್ಯಾಲೆಂಡರು. ಕಲಬುರಗಿಯಲ್ಲಿ 1916ರಲ್ಲಿ ಜನಿಸಿದ ಎಸ್. ಎಂ. ಪಂಡಿತರಂಥ ಸಮರ್ಥ ಕಲಾವಿದರ ಪೌರಾಣಿಕ ಚಿತ್ರಗಳು ಕ್ಯಾಲೆಂಡರಿನ ಮೂಲಕವೇ ಅಸಂಖ್ಯ ಮನೆಗಳನ್ನು ಸೇರಿದುವು. ವರ್ಷ ಮುಗಿದ ಮೇಲೆ ತಾರೀಖಿನ ಭಾಗವನ್ನು ಕತ್ತರಿಸಿ, ಚಿತ್ರಕ್ಕೆ ಕಟ್ಟು ಹಾಕಿಸುವ ಗೃಹಿಣಿಯನ್ನು ಕಂಡು ಕಲಾರಸಿಕರೆನಿಸಿಕೊಂಡವರು ನಗುವುದುಂಟು. ಅವರ ನಗೆಯಲ್ಲಿ ಹುರುಳಿಲ್ಲ. ಹತ್ತು ಕ್ಯಾಲೆಂಡರುಗಳಲ್ಲಿ ಒಂದನ್ನು ಆಕೆ ಆರಿಸಿದ್ದಾಳೆ. ಅಂಗಡಿಯವರು ಕೊಟ್ಟುದನ್ನೆಲ್ಲ ಮೊಳೆಗೆ ತಗುಲಿಸುವವರು ಏನನ್ನೂ ಆರಿಸಿರುವುದಿಲ್ಲ.

ಆರಿಸುವುದು ಹೇಗೆ? ಬೆಲೆಯಿಂದಲ್ಲ, ಗೋಡೆಯ ಬಣ್ಣಕ್ಕೆ ಹೊಂದುತ್ತದೆ ಎಂಬುದರಿಂದಲೂ ಅಲ್ಲ. ಇಂದು ಅನೇಕ ಹೊಸ ಮನೆಗಳಲ್ಲಿ ಹಿಮಪರ್ವತ, ಅದರಡಿಯ ಸರೋವರ, ದಡದಲ್ಲೊಂದು ಮರದ ಮನೆ—ಇಂಥ ದೊಡ್ಡ ದೊಡ್ಡ ಮುದ್ರಿತ ದೃಶ್ಯಗಳು ಕಾಣುತ್ತವೆ. ಚೆಲುವೇನೋ ಇದೆ, ಆದರೆ ನಾಲ್ಕು ದಿನಗಳಲ್ಲಿ ಕಣ್ಣು ಅದನ್ನು ದಾಟಿ ಹೋಗುತ್ತದೆ. ಘಟಪ್ರಭೆಯು 52 ಮೀಟರು ಆಳಕ್ಕೆ ಧುಮುಕುವ ಗೋಕಾಕ ಜಲಪಾತವನ್ನು, ಅದರ ಮೇಲಿನ ತೂಗುಸೇತುವೆಯನ್ನು ಸ್ಥಳೀಯ ಕಲಾವಿದನೊಬ್ಬನು ಜಲವರ್ಣದಲ್ಲಿ ಬರೆದಿದ್ದರೆ, ಅದರಲ್ಲಿ ಕೈಯ ಚಲನೆ ಇರುತ್ತದೆ, ಮಳೆಗಾಲದ ಕೆನ್ನೀರು ಇರುತ್ತದೆ, ನೋಡುವವರ ಸ್ವಂತ ನೆನಪೂ ಕೂಡಿಕೊಳ್ಳುತ್ತದೆ. ಸಂದೇಹವಿದ್ದಲ್ಲಿ ಒಂದು ಉಪಾಯವುಂಟು. ಚಿತ್ರವನ್ನು ಮೊಳೆಗೆ ಏರಿಸದೆ ಎಂಟು ದಿನ ಗೋಡೆಗೆ ಒರಗಿಸಿಟ್ಟು ನೋಡಬೇಕು. ಎಂಟನೆಯ ದಿನವೂ ಕಣ್ಣು ತಾನಾಗಿ ಅತ್ತ ಹೊರಳಿದರೆ ಅದು ಆ ಮನೆಗೆ ಸಲ್ಲುವ ಚಿತ್ರ. ಅಂದಹಾಗೆ, ಅಲಂಕಾರವೆಂದರೆ ಪಟವೇ ಆಗಬೇಕೆಂಬ ನಿಯಮವೇನೂ ಇಲ್ಲ. ಗೋಕಾಕದ ಜೀನಗಾರರು ಹಗುರವಾದ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ತುಂಬುವ ಹಣ್ಣು-ಕಾಯಿಗಳು ಗೋಡೆಯ ಮಾಡದಲ್ಲಿ ಕುಳಿತರೆ ಯಾವ ವರ್ಣಚಿತ್ರಕ್ಕೂ ಕಡಮೆಯೆನಿಸುವುದಿಲ್ಲ.

ಕುರ್ಚಿಯ ಮೇಲೆ ಕುಳಿತುಕೊಳ್ಳುವ ಇಂದಿನ ಮನೆಗಳಲ್ಲಿ ಪಟವು ತೊಲೆಯ ಎತ್ತರದಲ್ಲಿ ಇರಬೇಕಾದ ಕಾರಣವಿಲ್ಲ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರದಲ್ಲಿ ಬಂದರೆ ನಿಂತವರ ಕಣ್ಣಿಗೆ ಸಮವಾಗುತ್ತದೆ. ಒಂದು ಗೋಡೆಗೆ ಒಂದು ಚಿತ್ರ, ಅದರ ಸುತ್ತ ಬರಿಗೋಡೆ: ಇಷ್ಟು ಸಾಕು. ಸಂತೆಯಲ್ಲಿ ಎಲ್ಲರೂ ಒಮ್ಮೆಗೇ ಕೂಗಿದರೆ ಯಾರ ಮಾತೂ ಕೇಳಿಸದಲ್ಲವೆ?

ಸ್ಥಳವನ್ನು ಗೊತ್ತುಮಾಡುವಾಗ ಊರಿನ ಹವೆಯನ್ನೂ ಗಮನಿಸಬೇಕಾಗುತ್ತದೆ. ಪೂರ್ವದ ಮೂಡಲಗಿಯ ಕಡೆ ಮಳೆ ಕಡಮೆ, ಬಿಸಿಲು ಪ್ರಖರ. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ನೇರಿಳಾತೀತ ಕಿರಣಗಳು ಬಣ್ಣದ ಕಣಗಳನ್ನು ಒಡೆಯುತ್ತವೆ. ಜಲವರ್ಣ ಮತ್ತು ಮುದ್ರಿತ ಪಟಗಳು ಬಹುಬೇಗ ಮಾಸುತ್ತವೆ, ತೈಲವರ್ಣ ಸ್ವಲ್ಪ ಹೆಚ್ಚು ಕಾಲ ತಾಳುತ್ತದೆ. ಆದುದರಿಂದ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಗೋಡೆ ಒಳ್ಳೆಯದಲ್ಲ. ಸಹ್ಯಾದ್ರಿಗೆ ಸಮೀಪವಾದ ಹುಕ್ಕೇರಿಯ ಕಡೆ ಶತ್ರು ಬೇರೆ. ಅಲ್ಲಿ ಮುಂಗಾರಿನ ಇರಚಲು ಹೊಡೆದು ಹೊರಗೋಡೆಗಳು ತೇವವನ್ನು ಹೀರುತ್ತವೆ. ಆ ತೇವ ಪಟದ ಹಿಂಬದಿಗೆ ಇಳಿದು ಬೂಷ್ಟು ಹಿಡಿಯುತ್ತದೆ. ಒಳಗೋಡೆಯನ್ನೇ ಆರಿಸಬೇಕು. ಕಟ್ಟಿನ ಕೆಳತುದಿಗಳಲ್ಲಿ ಎರಡು ಬೆಂಡಿನ ಬಿಲ್ಲೆಗಳನ್ನು ಅಂಟಿಸಿದರೆ ಪಟಕ್ಕೂ ಗೋಡೆಗೂ ನಡುವೆ ಗಾಳಿಯಾಡುತ್ತದೆ. ಗಾಜು ಚಿತ್ರಕ್ಕೆ ತಾಗದಂತೆ ಅಂಚಿನಲ್ಲಿ ದಪ್ಪ ಕಾಗದದ ಪಟ್ಟಿಯನ್ನು ಇಡಿಸುವುದು ಅವಶ್ಯ. ಇದಕ್ಕೆ ಆಗುವ ಖರ್ಚು ಅತ್ಯಲ್ಪ. ಆದರೂ ಕಟ್ಟು ಹಾಕುವವರಿಗೆ ಹೇಳಿ ಮಾಡಿಸುವವರು ವಿರಳ.

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಯು ಉಕ್ಕಿ ಹರಿದು ಗೋಕಾಕ ಪಟ್ಟಣಕ್ಕೂ ನದಿದಂಡೆಯ ಹಳ್ಳಿಗಳಿಗೂ ನುಗ್ಗಿತು. ಇಂಥ ಸಮಯದಲ್ಲಿ ಜೀವ, ಜಾನುವಾರು, ಕಾಳುಕಡಿಗಳೇ ಮೊದಲು. ಪಟದ ಮಾತು ಆಮೇಲೆ. ಆದರೆ ನೀರಿಳಿದು ಮನೆಗೆ ಮರಳಿದವರು ಕೆಸರು ಮೆತ್ತಿದ ಪಟವನ್ನು ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ: ತಿಪ್ಪೆಗೆ ಎಸೆಯುವುದು, ಇಲ್ಲವೆ ಬಿಸಿಲಿಗೆ ಒಡ್ಡುವುದು. ಎರಡೂ ತಪ್ಪು. ಬಿಸಿಲಿಗಿಟ್ಟ ಒದ್ದೆ ಕಾಗದ ಸುರುಟಿಕೊಂಡು ಬಿರಿಯುತ್ತದೆ. ಕಟ್ಟನ್ನು ಮೆಲ್ಲನೆ ಬಿಡಿಸಿ, ಚಿತ್ರವನ್ನು ಮುಖ ಮೇಲಾಗಿ ನೆರಳಿನಲ್ಲಿ, ನೀರು ಹೀರುವ ಬಿಳಿಯ ಕಾಗದದ ಮೇಲೆ ಮಲಗಿಸಬೇಕು. ಕೆಳಗಿನ ಕಾಗದ ನೆನೆದಂತೆ ಬದಲಿಸುತ್ತಿರಬೇಕು. ಒರೆಸಬಾರದು, ಉಜ್ಜಬಾರದು. ಚಿತ್ರವು ಗಾಜಿಗೆ ಅಂಟಿಕೊಂಡಿದ್ದರೆ ಎಳೆಯುವ ಪ್ರಯತ್ನವನ್ನೇ ಮಾಡದೆ, ಗಾಜನ್ನು ಕೆಳಗೆ ಮಾಡಿ ಹಾಗೆಯೇ ಒಣಗಲು ಬಿಡಬೇಕು. ಅಂಟಿದ ಚಿತ್ರವನ್ನು ಬಿಡಿಸುವುದು ಬಲ್ಲವರ ಕೆಲಸ.