ಪೆಟ್ಟಿಗೆ ಚಿಕ್ಕದು, ಬಿಲ್ಲು ದೊಡ್ಡದು

ಗಾತ್ರ ಕಡಿಮೆಯಾದರೆ ಬೆಲೆಯೂ ಕಡಿಮೆಯಾಗಬೇಕು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು. ಮೇಜಿನ ಮೂಲೆಯಲ್ಲಿ ಮುದುಡಿ ಕೂರುವಂಥ ಡೆಸ್ಕ್‌ಟಾಪನ್ನು ಬಿಡಿಭಾಗ ಆರಿಸಿ ಜೋಡಿಸಿಕೊಳ್ಳೋಣ ಎಂದು ಹೊರಟವರಿಗೆ ಮೊದಲ ಕೊಟೇಶನ್ನಿನಲ್ಲೇ ಇದು ತಿಳಿಯುತ್ತದೆ. ಪ್ರೊಸೆಸರ್ ಅದೇ, ರ್‍ಯಾಮ್ ಅಷ್ಟೇ, ಎಸ್‌ಎಸ್‌ಡಿಯೂ ಅದೇ. ಆದರೆ ಬೋರ್ಡು, ಕ್ಯಾಬಿನೆಟ್ಟು, ಎಸ್‌ಎಂಪಿಎಸ್ ಮೂರೂ ಚಿಕ್ಕ ಅಳತೆಯವು ಬೇಕು ಎಂದ ಕೂಡಲೇ ಆ ಮೂರರ ಬೆಲೆ ಹೆಚ್ಚುಕಡಿಮೆ ಇಮ್ಮಡಿ. 20-30ರ ಸೈಟಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಸಂಕಟ ಹೊಸದಲ್ಲ. ಅಂಗುಲ ಉಳಿಸಲು ಹೋದ ಕಡೆಯೆಲ್ಲ ಕಾಸು ಬಿಚ್ಚಬೇಕು.

ಡೆಸ್ಕ್‌ಟಾಪ್ ಬೋರ್ಡುಗಳ ಮಾಮೂಲಿ ಅಳತೆಗೆ ಎಟಿಎಕ್ಸ್ ಎಂದು ಹೆಸರು. 1995ರಲ್ಲಿ ಇಂಟೆಲ್ ಗೊತ್ತುಮಾಡಿದ್ದು: 30.5 ಸೆಂ.ಮೀ. ಉದ್ದ, 24.4 ಸೆಂ.ಮೀ. ಅಗಲ. ಆ ಉದ್ದವನ್ನು ಮೊಟಕು ಮಾಡಿ ಚೌಕಾಕಾರಕ್ಕೆ ತಂದದ್ದು ಮೈಕ್ರೋ ಎಟಿಎಕ್ಸ್. ನಮ್ಮ ಅಂಗಡಿಗಳಲ್ಲಿ ಅಗ್ಗದ ಅಸೆಂಬಲ್ಡ್ ಸಿಸ್ಟಂ ಎಂದರೆ ಬಹುಪಾಲು ಇದೇ. 2001ರಲ್ಲಿ ತೈವಾನಿನ ವಿಯಾ ಕಂಪನಿ 17 ಸೆಂ.ಮೀ. ಚೌಕದ ಮಿನಿ ಐಟಿಎಕ್ಸನ್ನು ಮುಂದಿಟ್ಟಿತು. ಕಡಿಮೆ ವಿದ್ಯುತ್ ಬೇಡುವ ತನ್ನ ಪ್ರೊಸೆಸರುಗಳಿಗೆ ದಾರಿ ಮಾಡಿಕೊಳ್ಳುವುದು ವಿಯಾದ ಉದ್ದೇಶ. ಹವ್ಯಾಸಿಗಳು ಅದನ್ನು ಹಳೇ ರೇಡಿಯೊ ಪೆಟ್ಟಿಗೆ, ಟೋಸ್ಟರುಗಳ ಒಳಗೆಲ್ಲ ಕೂರಿಸಿ ಖುಷಿಪಟ್ಟರು. ಅವರ ವಂಶದವರು ಈಗ ಕ್ಯಾಬಿನೆಟ್ಟನ್ನು ಲೀಟರಿನಲ್ಲಿ ಅಳೆಯುತ್ತಾರೆ. ಮಾಮೂಲಿ ಟವರ್ 40 ಲೀಟರಿನ ಆಸುಪಾಸು. 20ಕ್ಕಿಂತ ಕೆಳಗಿಳಿದರೆ ಚಿಕ್ಕದು. ಡಾನ್ ಎ4 ಎಂಬ ಹೆಸರುವಾಸಿ ಕ್ಯಾಬಿನೆಟ್ಟು 7.2 ಲೀಟರಿನಲ್ಲಿ ಪೂರ್ತಿ ಗ್ರಾಫಿಕ್ಸ್ ಕಾರ್ಡನ್ನೂ ನುಂಗುತ್ತದೆ. ಮಿನಿ ಐಟಿಎಕ್ಸ್ ಬೋರ್ಡೆಂದರೆ ಮೈಕ್ರೋ ಎಟಿಎಕ್ಸಿನ ಅರ್ಧ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಸರ್ಕ್ಯೂಟು ಹೆಣೆಯಬೇಕು, ಅದೂ ಕೆಲವೇ ಗಿರಾಕಿಗಳಿಗಾಗಿ. ಬೆಲೆ ಇಳಿಯುವುದಾದರೂ ಹೇಗೆ?

ಆದ್ದರಿಂದ ಕೈ ಬಿಗಿಯಿದ್ದವರು ಮೊದಲು ಕತ್ತರಿ ಹಾಕಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೆ. ಅದೊಂದು ಹೋದರೆ ಜಾಗ, ಬಿಸಿ, ವಿದ್ಯುತ್, ದುಡ್ಡು ನಾಲ್ಕೂ ಒಟ್ಟಿಗೇ ಇಳಿಯುತ್ತವೆ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಹಾಕಿಕೊಂಡರಾಯಿತು. ಎಎಂಡಿಯ ರೈಜನ್ 5 5600ಜಿ ಇದಕ್ಕೆ ಹೇಳಿ ಮಾಡಿಸಿದ್ದು. 2021ರಲ್ಲಿ ಅಂಗಡಿಗೆ ಬಂದದ್ದು, ಆರು ಕೋರ್, 65 ವ್ಯಾಟ್. ಬಯಾಸಿನಲ್ಲಿ ಬೇಕಾದರೆ 45 ವ್ಯಾಟಿಗೆ ತಗ್ಗಿಸಬಹುದು. ಹಳೆಯದಾಯಿತಲ್ಲ ಎಂದು ಮೂಗು ಮುರಿಯುವವರಿಗೆ ನನ್ನ ಉತ್ತರ: ಟ್ಯಾಲಿ, ಬ್ರೌಸರ್, ಆನ್‌ಲೈನ್ ಕ್ಲಾಸು, ಸಣ್ಣಪುಟ್ಟ ವಿಡಿಯೊ ಎಡಿಟಿಂಗು ಇವುಗಳಿಗೆ ಇದು ಇನ್ನೂ ಕೆಲವು ವರ್ಷ ಸಾಕು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಸಾವಿರ–ಎರಡು ಸಾವಿರ ಉಳಿಯಿತೆಂದು ಇಂಟೆಲಿನ ‘ಎಫ್’ ಅಕ್ಷರದ ಪ್ರೊಸೆಸರ್ ತರುವುದು. ಐ3 12100 ಬೇರೆ, 12100ಎಫ್ ಬೇರೆ. ಎಫ್ ಇದ್ದದ್ದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಮನೆಗೆ ತಂದು ಜೋಡಿಸಿದ ಮೇಲೆ ಮಾನಿಟರ್ ಕಪ್ಪಗೆ ನಿಂತಿರುತ್ತದೆ, ಮತ್ತೆ ಕಾರ್ಡಿಗೆಂದು ದುಡ್ಡು ಹುಡುಕಬೇಕು. ಎಎಂಡಿಯ 5500, 5600 ಕೂಡ ಇದೇ ಜಾತಿ. ಬೇಕಾದ್ದು ಜಿ ಅಕ್ಷರದ್ದು. ಇನ್ನೊಂದು, 16 ಜಿಬಿ ರ್‍ಯಾಮನ್ನು ಒಂದೇ ಕಡ್ಡಿಯಲ್ಲಿ ಕೊಳ್ಳುವುದು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ಹಂಚಿಕೊಂಡು ಬದುಕಬೇಕು. 8 ಜಿಬಿಯ ಎರಡು ಕಡ್ಡಿ ಹಾಕಿದರೆ ಅದರ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ.

ಚಿಕ್ಕದೇ ಬೇಕು, ಹೊಸದೇ ಬೇಕು ಎನ್ನುವವರಿಗೆ ಆಸ್‌ರಾಕಿನ ಡೆಸ್ಕ್‌ಮಿನಿಯಂಥ ಅರೆಸಿದ್ಧ ಪೆಟ್ಟಿಗೆಗಳಿವೆ. ಕ್ಯಾಬಿನೆಟ್ಟು, ಬೋರ್ಡು, ಲ್ಯಾಪ್‌ಟಾಪಿನಂಥ ಅಡಾಪ್ಟರ್ ಒಟ್ಟಿಗೇ ಬರುತ್ತವೆ. ಪ್ರೊಸೆಸರ್, ಲ್ಯಾಪ್‌ಟಾಪಿಗೆ ಹಾಕುವ ರ್‍ಯಾಮ್, ಎಸ್‌ಎಸ್‌ಡಿ ನಾವು ಹಾಕಿಕೊಳ್ಳಬೇಕು. ಇದರ ಎಕ್ಸ್300 ಮಾದರಿ ಎರಡು ಲೀಟರಿಗಿಂತ ಚಿಕ್ಕದು, 5600ಜಿ ಹಿಡಿಯುತ್ತದೆ. ಆದರೆ ಅದರಲ್ಲಿ ಪ್ರೊಸೆಸರಿನ ಮೇಲಿನ ಫ್ಯಾನಿಗೆ ಸಿಗುವ ಎತ್ತರ 46 ಮಿಲಿಮೀಟರು. 5600ಜಿ ಡಬ್ಬಿಯಲ್ಲಿ ಪುಕ್ಕಟೆ ಬರುವ ಫ್ಯಾನು 54. ಎಂಟು ಮಿಲಿಮೀಟರಿಗಾಗಿ ಇನ್ನೊಂದು ಕೂಲರ್ ಕೊಳ್ಳಿ! ಚಿಕ್ಕ ಕಂಪ್ಯೂಟರಿನ ಬಜೆಟ್ ಕೆಡುವುದು ಇಂಥ ಕಡೆಯೇ. ಏನನ್ನೇ ಕೊಳ್ಳುವ ಮೊದಲು ಕ್ಯಾಬಿನೆಟ್ಟಿನ ಅಳತೆ ಪಟ್ಟಿಯಲ್ಲಿ ಕೂಲರಿನ ಎತ್ತರ ಎಷ್ಟೆಂದು ನೋಡಿಕೊಳ್ಳಬೇಕು.

ಇಷ್ಟೆಲ್ಲ ಹೇಳಿ, ನನ್ನ ಓಟು ಬೇರೆ ಕಡೆಗಿದೆ: ಆಫೀಸುಗಳಿಂದ ನಿವೃತ್ತಿಯಾಗಿ ಬಂದ ಪುಟ್ಟ ಪೆಟ್ಟಿಗೆಗಳ ಕಡೆಗೆ. ಲೆನೊವೊದ ಎಂ720ಕ್ಯೂ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ 3060 ಮೈಕ್ರೋ, ಎಚ್‌ಪಿಯ ಎಲೈಟ್‌ಡೆಸ್ಕ್ 800 ಜಿ4 ಮಿನಿ. ಎಲ್ಲವೂ ಒಂದು ಲೀಟರಿನ ಸುತ್ತಮುತ್ತ, ಮಾನಿಟರಿನ ಬೆನ್ನಿಗೇ ತಗುಲಿಹಾಕಬಹುದು. ಕಂಪನಿಗಳು ಲೀಸ್ ಮುಗಿದ ಮೇಲೆ ಇವನ್ನು ಕಟ್ಟುಗಟ್ಟಲೆ ಕೈಬಿಡುತ್ತವೆ. ಐಟಿ ಕಚೇರಿಗಳು ಇಷ್ಟೊಂದಿರುವ ಬೆಂಗಳೂರಿನಲ್ಲಿ ಇಂಥ ಮಾಲಿಗೆ ಬರವಿಲ್ಲ, ಎಸ್.ಪಿ. ರಸ್ತೆಯ ಓಣಿಗಳಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ಒಳಗಿರುವುದು ಸಾಮಾನ್ಯವಾಗಿ ‘ಟಿ’ ಅಕ್ಷರದ 35 ವ್ಯಾಟಿನ ಪ್ರೊಸೆಸರ್. ಐ5 8500ಟಿ ಎಂದರೆ ಆರು ಕೋರ್. ಸುಮ್ಮನಿದ್ದಾಗ ಇಡೀ ಪೆಟ್ಟಿಗೆ ಎಳೆಯುವುದು 10–15 ವ್ಯಾಟ್ ಅಷ್ಟೆ. ಮನೆಯ ಸಾಧಾರಣ 600 ವಿಎ ಯುಪಿಎಸ್ಸಿಗೆ ಇದೊಂದು ಭಾರವೇ ಅಲ್ಲ. ಲೋಡ್ ಶೆಡ್ಡಿಂಗಿನ ಊರುಗಳಲ್ಲಿ ಈ ಗುಣಕ್ಕೇ ಅರ್ಧ ಬೆಲೆ ಕೊಡಬಹುದು.

ಮಾದರಿ ಆರಿಸುವಾಗ ಪ್ರೊಸೆಸರಿನ ತಲೆಮಾರು ಕೇಳಿ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲಿನ ಎಂಟನೇ ತಲೆಮಾರಿನಿಂದ ಈಚಿನದನ್ನು, ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದದ್ದರಿಂದ ಆರು, ಏಳನೇ ತಲೆಮಾರಿನ ಪೆಟ್ಟಿಗೆಗಳು ಅಗ್ಗದಲ್ಲಿ ಸಿಗುತ್ತವೆ. ‘ವಿಂಡೋಸ್ 11 ಹಾಕಿ ಕೊಡ್ತೀವಿ ಸಾರ್’ ಎಂಬ ಮಾತಿಗೆ ಮರುಳಾಗಬೇಡಿ. ಅಡ್ಡದಾರಿಯಲ್ಲಿ ಹಾಕಿದ್ದಕ್ಕೆ ಮುಂದಿನ ಅಪ್‌ಡೇಟ್ ಬರುತ್ತದೆಂಬ ಖಾತ್ರಿಯಿಲ್ಲ. ಲಿನಕ್ಸ್ ಮಿಂಟ್ ಹಾಕಿಕೊಳ್ಳುವವರಾದರೆ ಆ ಹಳೇ ತಲೆಮಾರಿನ ಪೆಟ್ಟಿಗೆಯನ್ನೇ ಧಾರಾಳವಾಗಿ ಕೊಳ್ಳಿ; ಕನ್ನಡದ ಕಗಪ ಕೀಲಿಮಣೆ ಲಿನಕ್ಸಿನ ಜೊತೆಗೇ ಬರುತ್ತದೆ. ಹಳೆಯ ನುಡಿ ಫಾಂಟುಗಳಲ್ಲಿ ಪುಟ ಕಟ್ಟುವ ಡಿಟಿಪಿಯವರ ಕಥೆ ಬೇರೆ, ಅವರಿಗೆ ವಿಂಡೋಸೇ ಗತಿ.

ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ. ಬಯಾಸಿಗೆ ಹಳೇ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಆ ಪೆಟ್ಟಿಗೆಯನ್ನು ಮುಟ್ಟಬೇಡಿ. ಅಡಾಪ್ಟರ್ ಅದೇ ಕಂಪನಿಯ ಅಸಲಿಯೇ ಎಂದು ನೋಡಿಕೊಳ್ಳಿ. ಎಸ್‌ಎಸ್‌ಡಿಯ ಆರೋಗ್ಯ ಎಷ್ಟು ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಬಹುದು. ಒಳಗಿನ ಫ್ಯಾನಿಗೆ ವರ್ಷಗಳ ಧೂಳು ಮೆತ್ತಿರುತ್ತದೆ. ಊದಿಸಿ, ಪ್ರೊಸೆಸರಿನ ಮೇಲೆ ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಿಕೊಂಡೇ ತನ್ನಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಒಂದು ಲೀಟರಿನ ಪೆಟ್ಟಿಗೆಗೆ ಉಸಿರಾಡುವುದೇ ಕಷ್ಟ. ಅದನ್ನು ಮುಚ್ಚಿದ ಶೋಕೇಸಿನೊಳಗೆ ಇಡುವುದಂತೂ ಬೇಡ.

2025ರ ಕೊನೆಯಿಂದ ಹಳೇ ಪೆಟ್ಟಿಗೆಯ ಪರವಾಗಿ ಇನ್ನೊಂದು ಕಾರಣ ಸೇರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಸಗಟಾಗಿ ಎತ್ತಿಕೊಳ್ಳುತ್ತಿರುವುದರಿಂದ ರ್‍ಯಾಮಿನ ಬೆಲೆ ಗಗನಕ್ಕೇರಿತು. ನಮ್ಮಲ್ಲಿ ಮನೆಮಾತಾಗಿದ್ದ ಕ್ರೂಶಿಯಲ್ ರ್‍ಯಾಮಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ರ್‍ಯಾಮ್ ಸಮೇತ ಬರುವ ಪೆಟ್ಟಿಗೆಯೇ ಈಗ ಲಾಭದ್ದು.

ಗೇಮ್ ಆಡಲೇಬೇಕೆಂಬ ಮಗ ಮನೆಯಲ್ಲಿದ್ದರೆ? ಒಂದು ಲೀಟರಿನ ಆಸೆ ಬಿಟ್ಟು, ಅದೇ ಆಫೀಸು ತಳಿಯ ಎಸ್‌ಎಫ್‌ಎಫ್ ಎಂಬ ಸ್ವಲ್ಪ ದೊಡ್ಡ ಪೆಟ್ಟಿಗೆ ಹುಡುಕಿ. ಅದಕ್ಕೆ ಗಿಡ್ಡ ಅಳತೆಯ ಆರ್‌ಟಿಎಕ್ಸ್ 3050 6 ಜಿಬಿ ಕಾರ್ಡು ಕೂಡುತ್ತದೆ. 70 ವ್ಯಾಟಿನ ಕಾರ್ಡಾದ್ದರಿಂದ ಬೋರ್ಡಿನ ಸ್ಲಾಟು ಕೊಡುವ 75 ವ್ಯಾಟೇ ಸಾಕು, ಬೇರೆ ವಯರು ಬೇಡ. ಅದಕ್ಕಿಂತ ದೊಡ್ಡ ಕಾರ್ಡು ಬೇಕೆಂದು ಹಟ ಹಿಡಿದರೆ ಮೈಕ್ರೋ ಎಟಿಎಕ್ಸಿಗೆ ಹೋಗಿ. ಆದರೆ ಕ್ಯಾಬಿನೆಟ್ಟಿನ ಜೊತೆ ಫ್ರೀ ಎಂದು ಕೊಡುವ ಎಸ್‌ಎಂಪಿಎಸ್ಸನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಮೇಲೆ 450 ವ್ಯಾಟ್ ಎಂದು ಬರೆದಿದ್ದ ಮಾತ್ರಕ್ಕೆ ಅಷ್ಟನ್ನು ಕೊಟ್ಟೀತೆಂದು ನಂಬುವಂತಿಲ್ಲ, ಸುಟ್ಟರೆ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಇಡೀ ಪಟ್ಟಿಯಲ್ಲಿ ಜುಗ್ಗತನ ಮಾಡಬಾರದ ಒಂದೇ ಜಾಗ ಇದು.

ಬಿಲ್ಲು, ವಾರಂಟಿ ಎರಡನ್ನೂ ಬರೆಸಿಕೊಳ್ಳಿ. ಮತ್ತೆ, ಎಸ್.ಪಿ. ರಸ್ತೆಗೆ ಶನಿವಾರವೇ ಹೋಗಿ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ಬಾಗಿಲು.